ಪ್ಯಾಪ್ ಸ್ಮಿಯರ್‌ಗೆ ಹೊರಟಿದ್ದೀರಾ? ಮೊದಲು ಉಸಿರು ಬಿಡುವುದನ್ನು ಕಲಿಯಿರಿ

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಜೀವಕೋಶ ತೆಗೆದು ಕ್ಯಾನ್ಸರ್ ಸುಳಿವು ಹುಡುಕುವ ತಪಾಸಣೆಯೇ ಪ್ಯಾಪ್ ಸ್ಮಿಯರ್. ಅದಕ್ಕೆಂದು ಬಂದು, ಪರೀಕ್ಷೆಯ ಮೇಜಿನಿಂದಲೇ ಎದ್ದು ಹೋಗುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಅವರನ್ನು ಬೈದು ಫಲವಿಲ್ಲ. ‘ಮಲಗಮ್ಮ, ಕಾಲು ಅಗಲಿಸು’ ಎಂಬಷ್ಟಕ್ಕೇ ವಿವರಣೆ ಮುಗಿದುಹೋದರೆ ಯಾರಿಗಾದರೂ ದಿಗಿಲಾಗುತ್ತದೆ. ಮೇಜಿನ ಮೇಲಿನ ಕೆಲಸವೋ, ಕೆಲವೇ ನಿಮಿಷಗಳದು.

ಮೊದಲು ದಿನ ಗೊತ್ತುಮಾಡಿ. ಮುಟ್ಟು ಶುರುವಾದ ದಿನದಿಂದ ಎಣಿಸಿ 10ರಿಂದ 20ನೇ ದಿನದೊಳಗೆ ಹೋದರೆ ಒಳ್ಳೆಯದು. ವಯಸ್ಸಾಗಿ ಮುಟ್ಟು ಪೂರ್ತಿ ನಿಂತವರು ಯಾವಾಗಲಾದರೂ ಹೋಗಬಹುದು. ಹಿಂದಿನ 2 ದಿನ ಸಂಭೋಗ ಬೇಡ, ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮುಗಳೂ ಬೇಡ. ಒಳಗೆ ನೀರು ಹಾಯಿಸಿ ತೊಳೆಯುವುದಂತೂ ಬೇಡವೇ ಬೇಡ. ‘ಡಾಕ್ಟರ ಮುಂದೆ ಶುಚಿಯಾಗಿರಬೇಕಲ್ಲ’ ಎಂದು ಉಜ್ಜಿ ತೊಳೆದು ಬಂದರೆ, ನಾವು ಹುಡುಕುವ ಜೀವಕೋಶಗಳೇ ಬಚ್ಚಲಿಗೆ ಹೋಗಿರುತ್ತವೆ. ಅಂಗಡಿಯಲ್ಲಿ ಸಿಗುವ ಪರಿಮಳದ ಇಂಟಿಮೇಟ್ ವಾಶ್‌ಗಳು, ತಪಾಸಣೆ ಇರಲಿ ಬಿಡಲಿ, ದುಡ್ಡು ದಂಡ.

ಸೀರೆಯನ್ನೋ ಲಂಗವನ್ನೋ ಉಟ್ಟು ಹೋಗಿ. ಲೆಗ್ಗಿಂಗ್ಸ್ ಖಂಡಿತ ಬೇಡ, ಅದನ್ನು ಬಿಚ್ಚುವಾಗಲೇ ಅರ್ಧ ಧೈರ್ಯ ಸೋರಿಹೋಗುತ್ತದೆ. ಮೂತ್ರ ಮಾಡಿ ಬಂದು ಮಲಗಿ.

ಕಷ್ಟವೆನಿಸುವುದು ಇಲ್ಲಿಂದ ಮುಂದೆ. ಮಂಡಿ ಮಡಚಿ, ಕಾಲು ಅಗಲಿಸಿ ಮಲಗಬೇಕು. ಮೇಲೊಂದು ಬಟ್ಟೆ ಹೊದಿಸದಿದ್ದರೆ ಕೇಳಿ ಹೊದಿಸಿಕೊಳ್ಳಿ. ಯೋನಿಯನ್ನು ತೆರೆದಿಡಲು ಬಳಸುವ ಸ್ಪೆಕ್ಯುಲಮ್ ಬಾತುಕೋಳಿಯ ಕೊಕ್ಕಿನಂತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಕಂಡದ್ದೇ ತೊಡೆ ಬಿಗಿಯುತ್ತದೆ, ಸೊಂಟ ಮೇಲೇಳುತ್ತದೆ, ಉಸಿರು ಕಟ್ಟುತ್ತದೆ. ಬಹಳ ಮಂದಿಗೆ ನೋವಾಗುವುದು ಹೀಗೆ ಬಿಗಿದುಕೊಂಡಾಗಲೇ. ಸೊಂಟವನ್ನು ಮೇಜಿಗೆ ಒತ್ತಿಡಿ. ಮುಷ್ಟಿ ಬಿಚ್ಚಿ, ಹಲ್ಲು ಕಚ್ಚಬೇಡಿ. ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡಿ. ನೀವು ಉಸಿರು ಬಿಡುತ್ತಿರುವಾಗಲೇ ಸಾಧನವನ್ನು ಒಳಗೆ ಹಾಕುವಂತೆ ಹೇಳಿ. ಲೋಹದ್ದಾದರೆ ತಣ್ಣಗಿರುತ್ತದೆ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಡಲು ಕೇಳಬಹುದು. ಸಣ್ಣ ಅಳತೆಯದೂ ಇರುತ್ತದೆ. ಮುಟ್ಟು ನಿಂತವರಿಗೆ ಒಳಗೆ ಒಣಗಿದಂತಿದ್ದರೆ, ಹಿಂದೆಂದೂ ಲೈಂಗಿಕ ಸಂಪರ್ಕ ಆಗಿರದಿದ್ದರೆ, ಅಥವಾ ಬಸುರಿಯಾಗಿದ್ದರೆ ಮಲಗುವ ಮೊದಲೇ ತಿಳಿಸಿ. ತಡೆಯಲಾಗದಷ್ಟು ನೋವಾದರೆ ‘ನಿಲ್ಲಿಸಿ’ ಎನ್ನಿ. ಹಾಗೆಂದಾಗ ನಿಲ್ಲಿಸದವರ ಬಳಿ ಮತ್ತೆ ಹೋಗಬೇಡಿ.

ಬಳಿಕ ಪುಟ್ಟ ಬ್ರಶ್ಶಿನಿಂದಲೋ ಮರದ ಕಡ್ಡಿಯಿಂದಲೋ ಗರ್ಭಕಂಠವನ್ನು ಸವರಿ ಜೀವಕೋಶ ತೆಗೆಯುತ್ತಾರೆ. ಕೆಲವು ಕ್ಷಣ ಮುಟ್ಟಿನ ನೋವಿನಂತೆ ಹಿಂಡಬಹುದು. ಅಲ್ಲಿಗೆ ಮುಗಿಯಿತು.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪ್ಯಾಪ್ ಬದಲು ವಿಐಎ ಎಂಬ ಪರೀಕ್ಷೆ ಮಾಡಬಹುದು. ದೇಶದ ತಪಾಸಣಾ ಕಾರ್ಯಕ್ರಮದಲ್ಲಿ ಇದನ್ನು 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ ಮಾಡಬೇಕೆಂದಿದೆ. ತೆಳು ಅಸಿಟಿಕ್ ಆಮ್ಲವನ್ನು ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ತುಸು ಉರಿಯಬಹುದು. ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವುದರಿಂದ ಫಲಿತಾಂಶ ಅಲ್ಲೇ ಸಿಗುತ್ತದೆ. ಕೈಯಲ್ಲಿ ಹಣವಿದ್ದರೆ ನಾನು ಹೇಳುವುದು ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನು. ಅದು ಕ್ಯಾನ್ಸರ್‌ಗೆ ಮೂಲವಾದ ಎಚ್‌ಪಿವಿ ಎಂಬ ವೈರಸ್ಸನ್ನೇ ಹುಡುಕುತ್ತದೆ. ಕೆಲವೆಡೆ ಮಾದರಿಯನ್ನು ನೀವೇ ತೆಗೆದುಕೊಡಬಹುದು.

ಮನೆಗೆ ಬಂದ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ರಕ್ತಸ್ರಾವ ಹೆಚ್ಚಾದರೆ ಮಾತ್ರ ಡಾಕ್ಟರಿಗೆ ತಿಳಿಸಿ.

ಇಷ್ಟೆಲ್ಲ ಸಹಿಸಿಕೊಂಡವರೂ ಕೊನೆಯಲ್ಲಿ ಎಡವುವುದು ರಿಪೋರ್ಟು ತರುವಲ್ಲಿ. ‘ಏನಾದರೂ ಇದ್ದಿದ್ದರೆ ಅವರೇ ಫೋನು ಮಾಡುತ್ತಿದ್ದರು’ ಎಂದುಕೊಂಡು ಕೂರಬೇಡಿ. ಯಾವತ್ತು ಸಿಗುತ್ತದೆಂದು ಮೇಜಿನಿಂದ ಇಳಿದೊಡನೆ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ‘ಮಾದರಿ ಸಾಲದು’ ಎಂದು ಬಂದರೆ ಮತ್ತೊಮ್ಮೆ ಕೊಡಬೇಕು, ಅಷ್ಟೇ. ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಬಂದಿದೆ ಎಂದಲ್ಲ. ಕಾಲ್ಪಸ್ಕೋಪಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಸಾಧನದಿಂದ ನೋಡುತ್ತಾರೆ, ಬೇಕಾದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಎಚ್‌ಪಿವಿ ಸೋಂಕು ಬಹುತೇಕರಲ್ಲಿ 2 ವರ್ಷದೊಳಗೆ ತಾನಾಗಿ ಹೋಗುತ್ತದೆ. ಹಾಗೆಂದು ಮುಂದಿನ ಭೇಟಿ ತಪ್ಪಿಸಬೇಡಿ.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪದು, ಕ್ಯಾನ್ಸರ್ ತರುವ ಎಲ್ಲ ಬಗೆಯ ವೈರಸ್‌ಗಳನ್ನು ಲಸಿಕೆ ತಡೆಯುವುದಿಲ್ಲ. ಇನ್ನು ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಹೋದರೆ, ಬಿಳಿಸೆರಗು ವಾಸನೆ ಬರುತ್ತಿದ್ದರೆ ತಪಾಸಣಾ ಶಿಬಿರಕ್ಕಾಗಿ ಕಾಯದೆ ನೇರವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗಿ.