ಹುಂಡಿ ಇಡುವ ಮೊದಲು ಮರ ನೋಡಿ ಬನ್ನಿ

1987ರಲ್ಲಿ ಸ್ವೀಡನ್ನಿನ ಒಂದು ಸಣ್ಣ ಹಳ್ಳಿಶಾಲೆಯಲ್ಲಿ ಮಳೆಕಾಡು ನಾಶದ ಪಾಠ ನಡೆದಿತ್ತು. ಆ ಕಾಡನ್ನು ಉಳಿಸಲು ನಾವೇನು ಮಾಡಬಹುದು ಎಂದು ಒಂಬತ್ತು ವರ್ಷದ ಹುಡುಗನೊಬ್ಬ ಕೇಳಿದ. ಶಿಕ್ಷಕಿ ಏಹಾ ಕರ್ನ್ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮೊಂಟೆವೆರ್ಡೆ ಕಾಡಿನಲ್ಲಿ ಕೆಲಸ ಮಾಡಿದ್ದ ಜೀವವಿಜ್ಞಾನಿ ಶರಾನ್ ಕಿನ್ಸ್‌ಮನ್ ಅವರನ್ನು ತರಗತಿಗೆ ಕರೆಸಿದರು. ಮಕ್ಕಳು ಕೂಡಿಸಿದ ಮೊದಲ ಹಣಕ್ಕೆ 6 ಹೆಕ್ಟೇರ್, ಅಂದರೆ ಸುಮಾರು 15 ಎಕರೆ ಕಾಡು ಬಂತು. ಆಮೇಲೆ 44 ದೇಶಗಳ ಮಕ್ಕಳು ಕೈಜೋಡಿಸಿದರು. ‘ಮಕ್ಕಳ ಶಾಶ್ವತ ಮಳೆಕಾಡು’ ಎಂಬ ಹೆಸರಿನ ಆ ಕಾಡು ಈಗ 22,000 ಹೆಕ್ಟೇರ್‌ಗೂ ಹೆಚ್ಚು.

ಆ ಮಕ್ಕಳಿಗೆ ಯಾವ ಕಾಡು ಎಂಬುದು ಗೊತ್ತಿತ್ತು. ಅದನ್ನು ಕೊಂಡು ಕಾಯಲು 1986ರಲ್ಲಿ ಹುಟ್ಟಿದ್ದ ಮೊಂಟೆವೆರ್ಡೆ ಸಂರಕ್ಷಣಾ ಸಂಘ ಅಲ್ಲೇ ಇತ್ತು. ನಮ್ಮ ಶಾಲೆಗಳು ವನ್ಯಜೀವಿಗಳಿಗಾಗಿ ಹಣ ಕೂಡಿಸುವಾಗ ತಪ್ಪುವುದು ಇಲ್ಲೇ. ನಾನು ಹೋಗಿದ್ದ ಶಾಲೆಯೊಂದರಲ್ಲಿ ‘ಹುಲಿಗಾಗಿ’ ಎಂದು ಹಣ ಎತ್ತಿದ್ದರು. ಯಾವ ಕಾಡಿನ ಹುಲಿಗೆ ಎಂದು ಮಗುವೊಂದು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಮಗುವಿನ ಮುಖ ನನಗಿನ್ನೂ ನೆನಪಿದೆ.

ಮೊದಲ ಹೆಜ್ಜೆ: ಜಾಗ ಹುಡುಕಿ

ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ನಡೆದು ಹೋಗುವಷ್ಟು ದೂರದ ಜಾಗವೊಂದನ್ನು ಆರಿಸಿ. ಕೆರೆ ಏರಿಯ ಕೆಳಗಿನ ಬಯಲು, ದೇವರಕಾಡು, ಹಾಳುಬಿದ್ದ ಗುಂಡುತೋಪು, ಯಾವುದಾದರೂ ಆದೀತು. ಬೆಳಿಗ್ಗೆ ಏಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಯಾವ ಮರ ಒಣಗಿದೆ ಎಂಬುದನ್ನು ಅವರೇ ಬರೆದುಕೊಳ್ಳಲಿ.

ಜಾಗ ಯಾರದು ಎಂದು ಕೇಳುವುದೂ ಇದೇ ಹೆಜ್ಜೆಯಲ್ಲಿ. ಗುಂಡುತೋಪಾದರೆ ಗ್ರಾಮ ಪಂಚಾಯಿತಿಗೆ ಹೋಗಿ, ಅಲ್ಲಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಕಾಣಿರಿ. ಅರಣ್ಯ ಇಲಾಖೆಯ ಜಾಗವಾದರೆ ವಲಯ ಅರಣ್ಯಾಧಿಕಾರಿಯ ಒಪ್ಪಿಗೆಯಿಲ್ಲದೆ ಒಂದು ಸಸಿಯನ್ನೂ ನೆಡುವಂತಿಲ್ಲ.

ಖಾಸಗಿ ಮರವಾದರೆ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಮಕ್ಕಳಿಗೆ ಹೇಳಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲಿ, ಮನೆಯ ಪಕ್ಕದ ಹುಣಸೆಯಲ್ಲೂ. ಗೂಡಿರುವ ಮರದಿಂದ ಹುಣಸೆಹಣ್ಣು ಇಳಿಸುವಂತಿಲ್ಲ. ಆ ವರ್ಷದ ಫಸಲು ಹೋಯಿತು. ಅದಕ್ಕಾಗಿಯೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತ ಬಂದಿದೆ. ಊರಿನ ಯುವಕರ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದೆ. 2007ರಲ್ಲಿ ಆ ಊರು ಜನರೂ ಸೇರಿ ಕಾಯುವ ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಉಳಿಯಬೇಕಾದರೆ ಮರದ ಮಾಲೀಕರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಎರಡನೆಯದು: ಎಷ್ಟು ಬೇಕು, ಬರೆಯಿರಿ

ಗುಂಡುತೋಪಿಗೆ 20 ಸಸಿ ಎಂದುಕೊಳ್ಳಿ. ಅತ್ತಿ, ಆಲ, ಗೋಣಿ, ಬಸರಿ, ನೇರಳೆ ಹೀಗೆ ಹಕ್ಕಿ ತಿನ್ನುವ ಹಣ್ಣಿನ ಮರಗಳಿರಲಿ. ಚಂದ ಕಾಣುತ್ತದೆಂದು ಗುಲ್‌ಮೊಹರ್ ತರಬೇಡಿ. ಸಸಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ನಿಜವಾದ ಖರ್ಚು ಬೇಲಿ ಮತ್ತು ನೀರು. ಒಂದು ಗಿಡಕ್ಕೆ ಒಂದು ಸಲಕ್ಕೆ ಒಂದು ಕೊಡ, ಅಂದರೆ 15 ಲೀಟರ್. ವಾರಕ್ಕೆ ಎರಡು ಸಲವೆಂದರೆ 20 ಗಿಡಕ್ಕೆ 600 ಲೀಟರ್. ಫೆಬ್ರುವರಿಯಿಂದ ಮೇ ಅಂತ್ಯದವರೆಗೆ 17 ವಾರ ಹಿಡಿದರೆ 10,200 ಲೀಟರ್, ಹೆಚ್ಚುಕಡಿಮೆ 5,000 ಲೀಟರಿನ ಎರಡು ಟ್ಯಾಂಕರ್. ಎರಡು ಬೇಸಿಗೆ ದಾಟಿಸಬೇಕು, ಆದ್ದರಿಂದ ನಾಲ್ಕು ಟ್ಯಾಂಕರ್. ಟ್ಯಾಂಕರಿನ ಬಾಡಿಗೆ, ಮುಳ್ಳಿನ ಬೇಲಿಯ ಕೂಲಿ, ಬೇಸಿಗೆ ರಜೆಯಲ್ಲಿ ನೀರು ಹಾಕುವವರ ಸಂಬಳ ಎಲ್ಲವನ್ನೂ ನಿಮ್ಮೂರಿನಲ್ಲೇ ವಿಚಾರಿಸಿ ಕೂಡಿಸಿ. ಆರನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಣಿತ ನನಗೆ ಗೊತ್ತಿಲ್ಲ.

ಮೂರನೆಯದು: ಹಣ ಕೂಡಿಸಿ

ಬೇಡುವುದಕ್ಕಿಂತ ಬೆಳೆದು ಮಾರುವುದು ಮೇಲು. ಜೂನ್ ಮೊದಲ ವಾರದಲ್ಲಿ ಹಾಲಿನ ಖಾಲಿ ಪ್ಯಾಕೆಟ್‌ಗಳಿಗೆ ಮಣ್ಣು ಗೊಬ್ಬರ ತುಂಬಿ ಪಪ್ಪಾಯಿ, ನುಗ್ಗೆ ಬೀಜ ಹಾಕಿದರೆ ಆಗಸ್ಟ್ 15ರ ಹೊತ್ತಿಗೆ ಮಾರುವ ಗಿಡಗಳಾಗುತ್ತವೆ. ಧ್ವಜಾರೋಹಣಕ್ಕೆ ಬಂದ ಅಪ್ಪ ಅಮ್ಮಂದಿರೇ ಗಿರಾಕಿಗಳು. ತಿಂಗಳಿಗೊಮ್ಮೆ ಮನೆಗಳಿಂದ ರದ್ದಿ ಪೇಪರ್ ತಂದು ತೂಕಕ್ಕೆ ಹಾಕಬಹುದು. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದಲ್ಲಿ ಮಕ್ಕಳು ಬರೆದ ಹಕ್ಕಿ ಚಿತ್ರಗಳ ಪ್ರದರ್ಶನವಿಟ್ಟು ಪಕ್ಕದಲ್ಲಿ ಹುಂಡಿ ಇಡಿ.

ಮಕ್ಕಳನ್ನು ಒಂಟಿಯಾಗಿ ಮನೆಮನೆಗೆ ಕಳಿಸಬೇಡಿ. ಯಾರು ಎಷ್ಟು ತಂದರು ಎಂಬ ಪಟ್ಟಿ ಹಾಕಬೇಡಿ, ಇಲ್ಲದ ಮನೆಯ ಮಗು ಕುಗ್ಗುತ್ತದೆ. ಆ ಮಗುವೇ ತೋಪಿನ ಎಲ್ಲ ಹಕ್ಕಿಯ ಹೆಸರು ಬಲ್ಲದ್ದಾಗಿರಬಹುದು.

ಹಣ ಯಾರ ಸ್ವಂತ ಖಾತೆಗೂ ಹೋಗಬಾರದು. ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಂಟಿ ಖಾತೆ ಇರುತ್ತದೆ. ಅಲ್ಲಿ ಜಮಾ ಮಾಡಿಸಿ, ಪ್ರತಿಯೊಬ್ಬರಿಗೂ ರಸೀದಿ ಕೊಡಿ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಪ್ರತಿ ಶನಿವಾರ ಗೇಟಿನ ಬಳಿಯ ಕರಿಹಲಗೆಯ ಮೇಲೆ ಮಕ್ಕಳೇ ಬರೆಯಲಿ.

ಕೊನೆಯದು: ನೆಟ್ಟು ಎಣಿಸಿ

ಇಷ್ಟು ಹಣ ಕೂಡುವುದರೊಳಗೆ ಮುಂಗಾರು ಮುಗಿದಿರುತ್ತದೆ. ಅವಸರಪಟ್ಟು ಡಿಸೆಂಬರ್‌ನಲ್ಲಿ ನೆಡಬೇಡಿ. ಬೇಸಿಗೆಯಲ್ಲಿ ಗುಂಡಿ ತೆಗೆಸಿಟ್ಟು, ಮರುವರ್ಷದ ಮೊದಲ ಒಳ್ಳೆ ಮಳೆಗೆ ನೆಡಿ. ಆಲ, ಗೋಣಿಗಳಿಗೆ ಕನಿಷ್ಠ 30 ಅಡಿ ಅಂತರವಿರಲಿ. ಒಂದೊಂದು ಗಿಡಕ್ಕೂ ನಂಬರ್ ಹಾಕಿ, ಇಬ್ಬಿಬ್ಬರು ಮಕ್ಕಳಿಗೆ ವಹಿಸಿ. ಪ್ರತಿ ತಿಂಗಳ ಮೊದಲ ಶನಿವಾರ ಬದುಕಿದವೆಷ್ಟು, ಒಣಗಿದವೆಷ್ಟು, ಬಂದ ಹಕ್ಕಿ ಯಾವುವು ಎಂದು ಒಂದೇ ಪುಸ್ತಕದಲ್ಲಿ ಬರೆಸಿ. ಒಣಗಿದ್ದನ್ನು ಮುಚ್ಚಿಡಬೇಡಿ, ಮುಂದಿನ ಜೂನ್‌ನಲ್ಲಿ ನರ್ಸರಿಯಿಂದ ಅಷ್ಟೇ ಸಸಿ ತರಬೇಕು.