ಕರೆಂಟ್ ಹೋದರೂ ಹೊತ್ತು ತಪ್ಪದ ಬೆಲ್ ಟೈಮರ್: ನನ್ನ ಅನುಭವ

ಜೂನ್ ಬಂತೆಂದರೆ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೋದ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ. ಮರ ಬಿದ್ದು ಲೈನ್ ಹರಿದರೆ ಮೂರು ನಾಲ್ಕು ದಿನ ಕತ್ತಲೆ ಮಾಮೂಲು. ಇಂಥ ಕಡೆ ಶಾಲೆಗೆ ಬೆಲ್, ಎಸ್ಟೇಟಿಗೆ ಸೈರನ್ ಆಟೋಮ್ಯಾಟಿಕ್ ಮಾಡ್ತೀನಿ ಅಂದಾಗ ಹಾಸನದ ಮೆಕ್ಯಾನಿಕ್ ಗೆಳೆಯರು "ಒಂದು ಮಳೆಗಾಲ ತಡೆಯಲಿ, ಆಮೇಲೆ ಮಾತಾಡು" ಅಂದಿದ್ದರು. ನನ್ನ ಹಳೇ ಪೆಟ್ಟಿಗೆಗಳು ಈಗ ಐದಾರು ಮಳೆಗಾಲ ಕಂಡಿವೆ. ವರ್ಷಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದಿಲ್ಲ. ಈ ಭಾಗದಲ್ಲಿ ಇನ್ಯಾರ ಟೈಮರೂ ಹೀಗೆ ನಿಂತಿದ್ದನ್ನ ನಾನು ನೋಡಿಲ್ಲ.

ಮೊದಲು ಇಲ್ಲೆಲ್ಲ ಇದ್ದದ್ದು ಮೇನ್ಸ್ ಕರೆಂಟಿನ ಮಿಡಿತ (ಸೆಕೆಂಡಿಗೆ 50, ಅಂದರೆ 50 ಹರ್ಟ್ಜ್) ಎಣಿಸಿ ಹೊತ್ತು ಹೇಳೋ ಟೈಮರ್. ಎಸ್ಟೇಟಲ್ಲಿ ಕರೆಂಟ್ ಹೋದರೆ ಜನರೇಟರ್ ಹಾಕ್ತಾರೆ. ಅದು 52ರಲ್ಲಿ ಓಡಿದರೆ ಟೈಮರ್ ಗಂಟೆಗೆ ಎರಡು ನಿಮಿಷಕ್ಕೂ ಮೇಲೆ ಮುಂದೆ ಹೋಗುತ್ತೆ. ಸಂಜೆ ಹೊತ್ತಿಗೆ ಸೈರನ್ ಕಾಲು ಗಂಟೆ ಮೊದಲೇ ಕೂಗಿ, ಆಳುಗಳೆಲ್ಲ ತೋಟ ಬಿಟ್ಟು ಲೈನ್ ಮನೆ ಸೇರಿರ್ತಿದ್ದರು. ತೋಟದ ಲೆಕ್ಕ ನೋಡೋ ರೈಟರಿಗೆ ಸಾಹುಕಾರರಿಂದ ಬೈಗುಳ.

ಹಾಗಾಗಿ ಮೇನ್ಸ್ ನೆಚ್ಚದೆ ತಾನೇ ಹೊತ್ತು ಎಣಿಸೋ ಡಿಎಸ್1307 ಗಡಿಯಾರದ ಚಿಪ್ಪು, ಅದಕ್ಕೆ ತಾಳ ಕೊಡೋ 32,768 ಹರ್ಟ್ಜ್ ಕ್ರಿಸ್ಟಲ್, ಕರೆಂಟ್ ಇಲ್ಲದಾಗ ಅದನ್ನ ನಡೆಸೋ ಸಿಆರ್2032 ಅನ್ನೋ ನಾಣ್ಯದಂಥ ಸೆಲ್ ಹಾಕಿದೆ. ಲೆಕ್ಕದಲ್ಲಿ 220 ಮಿಲಿಆಂಪ್ ಅವರ್ ಸೆಲ್ಲು ಒಂದು ಮೈಕ್ರೋಆಂಪಿಗೂ ಕಮ್ಮಿ ಎಳೆಯೋ ಚಿಪ್ಪಿಗೆ 25 ವರ್ಷ ಬರಬೇಕು, ಸೆಲ್ಲೇ ಹಳತಾಗಿ ಸಾಯೋದು ಮೊದಲು. ನಮ್ಮಲ್ಲಿ ಆಗಸ್ಟ್ ದಾಟ್ತಿರಲಿಲ್ಲ. ಎಲ್ಲರೂ ಡೂಪ್ಲಿಕೇಟ್ ಸೆಲ್ ಅಂದರು. ಮೂವತ್ತರ ಸೆಲ್ ಬಿಟ್ಟು ಎಪ್ಪತ್ತರದ್ದು ತಂದು ಹಾಕಿದೆ. ಅದೂ ಅಷ್ಟೇ. ಒಂದೊಂದು ಸೆಲ್ ಬದಲಾಯಿಸೋಕೆ ಬೈಕಲ್ಲಿ ಹೋಗಿಬರೋ ಪೆಟ್ರೋಲೇ ಇನ್ನೂರು. ಆ ವರ್ಷ ಹತ್ತು ಸಾವಿರದ ಹತ್ತಿರ ಕೈಯಿಂದ ಹೋಯ್ತು.

ಕಳ್ಳ ಯಾರಂದರೆ ಸೆಲ್ಲಲ್ಲ, ಥಂಡಿಯ ತೇವ. ಸೆಲ್ ಹೋಲ್ಡರಿನ ಎರಡು ಕಾಲಿನ ನಡುವೆ ಬೆಸುಗೆಯಲ್ಲಿ ಉಳಿದ ಫ್ಲಕ್ಸ್, ಧೂಳು, ಮಲೆನಾಡಿನ ತೇವ ಸೇರಿ 30 ಕಿಲೋಓಮ್ ತಡೆಯ ದಾರಿ ಆದರೆ ಸಾಕು, 100 ಮೈಕ್ರೋಆಂಪ್ ಸೋರುತ್ತೆ. ಚಿಪ್ಪು ಕುಡಿಯೋದರ ನೂರು ಪಟ್ಟು. ಮೂರು ತಿಂಗಳಿಗೆ ಸೆಲ್ ಖಾಲಿ. ಅದೇ ತೇವ ಕ್ರಿಸ್ಟಲ್ ಕಾಲಿಗೆ ಕೂತರೆ ಗಡಿಯಾರ ನಿಂತೇ ಹೋಗುತ್ತೆ, ಸೆಲ್ ತುಂಬಿದ್ದರೂ.

ಆಮೇಲೆ ಡಿಎಸ್3231 ಅನ್ನೋ ಇನ್ನೊಂದು ಗಡಿಯಾರದ ಚಿಪ್ಪಿಗೆ ಬಂದೆ. ಕ್ರಿಸ್ಟಲ್ ಚಿಪ್ಪಿನೊಳಗೇ ಇರೋದರಿಂದ ತೇವದ ಕಾಟ ಅರ್ಧ ತಪ್ಪಿತು. ಕೊಳ್ಳುವಾಗ ಹೆಸರಿನ ಕೊನೆ ನೋಡಿ: ಎಸ್ಎನ್ ಇದ್ದರೆ ತಗೊಳ್ಳಿ, ಎಂ ಇದ್ದರೆ ವರ್ಷಕ್ಕೆ ಎರಡೂವರೆ ನಿಮಿಷದವರೆಗೂ ತಪ್ಪಬಹುದು. ಈ ಚಿಪ್ಪು, ಸೆಲ್ ಹೋಲ್ಡರ್ ಕೂರಿಸಿ ಮಾರೋ ಅಗ್ಗದ ನೀಲಿ ಮಾಡ್ಯೂಲಲ್ಲಿ ಇನ್ನೊಂದು ಅಪಾಯ: ರೀಚಾರ್ಜ್ ಸೆಲ್‌ಗೆಂದು ಚಾರ್ಜಿಂಗ್ ದಾರಿ ಇಟ್ಟಿರ್ತಾರೆ. 5 ವೋಲ್ಟ್ ಕೊಟ್ಟು ಅದರಲ್ಲಿ ಸಿಆರ್2032 ಹಾಕಿದರೆ ಸೆಲ್ ಉಬ್ಬುತ್ತೆ, ಒಡೆಯಲೂಬಹುದು. ಡಯೋಡ್ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತುಹಾಕಿ, ಆಮೇಲೇ ಸೆಲ್ ಹಾಕಿ.

ಮಧ್ಯೆ ಸೆಲ್ ಬದಲು ಸೂಪರ್ ಕೆಪಾಸಿಟರ್ (ಕರೆಂಟ್ ಇದ್ದಾಗ ಚಾರ್ಜ್ ತುಂಬಿಟ್ಟುಕೊಳ್ಳೋ ಬಿಡಿಭಾಗ) ಹಾಕೋ ಹುಚ್ಚೂ ಹತ್ತಿತ್ತು. ಒಂದು ಫ್ಯಾರಡ್, 5.5 ವೋಲ್ಟ್. ಲೆಕ್ಕಕ್ಕೆ ತಿಂಗಳು ಬರಬೇಕಾದದ್ದು ತನ್ನೊಳಗೇ ಸೋರಿ ಹತ್ತು ದಿನದ ಆಸುಪಾಸು ನಿಂತಿತು. ನಾಲ್ಕು ದಿನದ ಕತ್ತಲೆಗೆ ಧಾರಾಳ. ಆದರೆ ಬೇಸಿಗೆ ರಜೆಯಲ್ಲಿ ಶಾಲೆಯವರು ಮೇನ್ ಸ್ವಿಚ್ಚೇ ತೆಗೆದು ಹೋಗ್ತಾರಲ್ಲ, ಅಲ್ಲಿಗೆ ಮುಗೀತು.

ಇನ್ನೊಂದು, ಬರೀ ಕುತೂಹಲಕ್ಕೆ ಮಾಡಿದ್ದು. ಒಂದು ಡಿಎಸ್1307 ಬೋರ್ಡ್ ಫ್ರಿಜ್ಜಲ್ಲಿಟ್ಟೆ, ಇನ್ನೊಂದನ್ನ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ. ಒಂದು ಮುಂದೆ, ಒಂದು ಹಿಂದೆ ಹೋಗುತ್ತೆ ಅಂತ ಪಂದ್ಯ ಕಟ್ಟಿದವರಿದ್ದರು. ಎರಡೂ ನಿಧಾನವಾದವು, ದಿನಕ್ಕೆ ಒಂದೂವರೆ ಸೆಕೆಂಡಿನಷ್ಟು. ಆ ಕ್ರಿಸ್ಟಲ್ ಸರಿಯಾಗಿ ಓಡೋದು 25 ಡಿಗ್ರಿ ಹತ್ತಿರ. ಆ ಕಡೆ ಹೋದರೂ ಈ ಕಡೆ ಬಂದರೂ ಹಿಂದೆಯೇ ಬೀಳುತ್ತೆ. 3231 ತಾನೇ ಉಷ್ಣತೆ ಅಳೆದು ಸರಿಮಾಡಿಕೊಳ್ಳುತ್ತೆ, ದುಡ್ಡು ಕೊಡೋದು ಅದಕ್ಕೇ.

ಬೋರ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು, ಒಣಗಿಸಿ, ವಾರ್ನಿಷ್ ಹಚ್ತೀನಿ. ಮೋಟಾರ್ ವೈಂಡಿಂಗಿನದ್ದೇ, ಆದರೆ ಅದಕ್ಕೆ ಏನು ಬೆರೆಸ್ತೀನಿ, ಹೋಲ್ಡರಿನ ಒಳಗೆ ಏನು ಸವರ್ತೀನಿ ಅನ್ನೋದು ನನ್ನ ಹೊಟ್ಟೆಪಾಡು, ಹೇಳೋದಿಲ್ಲ. ಪೆಟ್ಟಿಗೆಗೆ ಸಾಮಾನಿನ ಖರ್ಚು ಸುಮಾರು ಸಾವಿರದ ಇನ್ನೂರು, ಕೂರಿಸಿ ಕೊಡೋದು ಮೂರು ಸಾವಿರಕ್ಕೆ. ಎರಡು ವರ್ಷ ಗ್ಯಾರಂಟಿ ಬರೆದುಕೊಡ್ತೀನಿ.

ಪರೀಕ್ಷೆ ಮಾತ್ರ ಮುಚ್ಚಿಡಲ್ಲ. ಮೇನ್ಸ್ ತೆಗೆದು, ಸೆಲ್ಲಿನ ದಾರಿಯಲ್ಲಿ ಸರಣಿಯಾಗಿ ಒಂದು ಕಿಲೋಓಮ್ ಹಾಕಿ, ಅದರ ಎರಡು ತುದಿಗೆ ಮೀಟರ್ ಹಿಡೀರಿ. ಒಂದು ಮಿಲಿವೋಲ್ಟ್ ಅಂದರೆ ಒಂದು ಮೈಕ್ರೋಆಂಪ್. 3231 ಸುಮಾರು ನಿಮಿಷಕ್ಕೊಮ್ಮೆ ಉಷ್ಣತೆ ಅಳೆಯುವಾಗ ಮೀಟರ್ ಜಿಗಿಯುತ್ತೆ, ಗಾಬರಿ ಬೇಡ, ಅದು ಸೋರಿಕೆಯಲ್ಲ. ಒಣಗಿದ್ದಾಗ ಒಮ್ಮೆ ನೋಡಿ. ಆಮೇಲೆ ಬಿಸಿನೀರಿನ ಪಾತ್ರೆಯ ಆವಿಗೆ ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಜಿಗಿತ ಬಿಟ್ಟು ಉಳಿದ ಹೊತ್ತು ಎರಡು ಮಿಲಿವೋಲ್ಟ್ ದಾಟಿದ ಬೋರ್ಡನ್ನ ನಾನು ಮತ್ತೆ ತೊಳೆಯೋಕೆ ಹಾಕ್ತೀನಿ.