ಮುಚ್ಚಿದ ಬಂಕಿನ ಕೆಳಗಿನ ನೀರು: ಡಿಪ್ ಟೇಪು, ಪೇಸ್ಟು, ಮೇಲುಬೋರು – ನನ್ನ ಅನುಭವ

ಕೋಲಾರದ ಹಳೆಯ ರಸ್ತೆ ಬದಿಯ ಮುಚ್ಚಿದ ಪೆಟ್ರೋಲ್ ಬಂಕ್. ಅದರ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ನೆಲದಡಿಯ ನೀರಿಗೆ ಸೇರಿದೆಯೇ ಎಂದು ನೋಡುವುದು ನಮ್ಮ ಕೆಲಸವಾಗಿತ್ತು. ಪಕ್ಕದ 900 ಅಡಿ ಕೊಳವೆಬಾವಿಯ ನೀರು ಶುದ್ಧ ಎಂದು ಲ್ಯಾಬ್ ವರದಿ ಕೊಟ್ಟಿತ್ತು, ಎಲ್ಲರೂ ಅಷ್ಟಕ್ಕೇ ಕಡತ ಮುಚ್ಚಲು ಹೊರಟಿದ್ದರು. ಆದರೆ ಆ ಬೋರಿನ ಕೇಸಿಂಗ್ (ಮೇಲುಭಾಗದ ಗಟ್ಟಿ ಪೈಪು) ಮೇಲುಪದರದ ಗರಸು ಮಣ್ಣನ್ನು ಪೂರ್ತಿ ಮರೆಮಾಡಿದೆ, ಅಲ್ಲಿನ ನೀರು ಬೋರಿಗೆ ಬರುವುದೇ ಇಲ್ಲ. ಪೆಟ್ರೋಲ್ ತೇಲುವುದು ನೆಲದಡಿ ಮೊದಲು ಸಿಗುವ ಮೇಲುನೀರಿನ ಮೇಲೆ. 50 ಅಡಿಯ ಬೋರು ಸಾಕು ಎಂದಾಗ ಬಂದ ಉತ್ತರ, "ಕೋಲಾರದಲ್ಲಿ 50 ಅಡಿಗೆ ನೀರೆಲ್ಲಿ ಸಿಗುತ್ತೆ ಸಾರ್?" ಸಿಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗಳಿಗೆ ಹರಿದ ಮೇಲೆ, ಕೆರೆಗಳ ಆಸುಪಾಸಿನಲ್ಲಿ ಮೇಲುನೀರು ಮರಳಿದೆ. ಬರದ ವರ್ಷಗಳಲ್ಲಿ ಒಣಮಣ್ಣಿಗೆ ಇಳಿದು ಕೂತ ಇಂಧನ ಈಗ ಅದೇ ನೀರಿನಲ್ಲಿ ನೆನೆಯುತ್ತಿದೆ.

ಬೋರ್ ಲಾರಿ ಕರೆಸಬೇಡಿ. ಅಡಿಗೆ ನೂರು ರೂಪಾಯಿ ಲೆಕ್ಕದಲ್ಲಿ ಅಗ್ಗ ಅನ್ನಿಸುತ್ತದೆ, ಆದರೆ ಕೊರೆಯುವ ಹ್ಯಾಮರ್‌ಗೆ ಹಾಕುವ ಎಣ್ಣೆ ಕಂಪ್ರೆಸರ್ ಗಾಳಿಯ ಜೊತೆ ಬಾವಿಗೆ ಇಳಿಯುತ್ತದೆ, ಆ ಗಾಳಿಯೇ ಇದ್ದ ಬೆಂಜೀನನ್ನೂ (ಪೆಟ್ರೋಲಿನಲ್ಲಿರುವ, ಬೇಗ ಆವಿಯಾಗುವ ವಿಷ) ಹಾರಿಸಿಬಿಡುತ್ತದೆ. ನಾವು ಮುಕ್ಕಾಲಿ ನಿಲ್ಲಿಸಿ 6 ಇಂಚಿನ ಆಗರ್ (ತಿರುಪಿನಂತೆ ಮಣ್ಣು ಕೊರೆಯುವ ಸಾಧನ) ಕೈಯಿಂದಲೇ ತಿರುಗಿಸಿದೆವು. ಕೂಲಿ ಹೆಚ್ಚಾಯಿತು, ಗುಂಡುಕಲ್ಲು ಸಿಕ್ಕಲ್ಲೆಲ್ಲ ನಾಲ್ಕಡಿ ಪಕ್ಕಕ್ಕೆ ಸರಿಯಬೇಕಾಯಿತು. ಪೈಪು 2 ಇಂಚಿನ ಪಿವಿಸಿ, ಥ್ರೆಡ್ ಇರುವುದೇ ಬೇಕು. ಸಾಲ್ವೆಂಟ್ ಅಂಟು ಹಾಕಿದರೆ ಅದರ ದ್ರಾವಕವೇ ಲ್ಯಾಬ್ ವರದಿಯಲ್ಲಿ ಮೊದಲು ಕಾಣುತ್ತದೆ.

ಇಡೀ ಕೆಲಸ ನಿಂತಿರುವುದು ಸೀಳು ಪೈಪಿನ, ಅಂದರೆ ನೀರು ಒಳಬರಲು ಸೀಳು ಬಿಟ್ಟ ಭಾಗದ, ಎತ್ತರದ ಮೇಲೆ. ಡಿಸೆಂಬರಿನಲ್ಲಿ ನೀರು ನೆಲದಿಂದ ಆರೂವರೆ ಮೀಟರ್ ಆಳಕ್ಕೆ ಏರುತ್ತದೆ, ಮೇ ತಿಂಗಳಿಗೆ ಹನ್ನೆರಡಕ್ಕೆ ಇಳಿಯುತ್ತದೆ. ವಾಡಿಕೆಯ 3 ಮೀಟರ್ ಸೀಳು ಹಾಕಿದರೆ ಮಳೆಗಾಲದ ನಂತರ ನೀರು ಸೀಳನ್ನು ದಾಟಿ ಮೇಲೆ ನಿಲ್ಲುತ್ತದೆ. ತೇಲುವ ಪೆಟ್ರೋಲ್ ಒಳಗೆ ಬರಲು ದಾರಿಯೇ ಇರುವುದಿಲ್ಲ, ಬಾವಿ ಶುದ್ಧ ಎಂದು ಸುಳ್ಳು ಹೇಳುತ್ತದೆ. ನಾವು 5ರಿಂದ 14 ಮೀಟರಿನವರೆಗೆ ಸೀಳಿಟ್ಟೆವು. ಸುತ್ತ ತೊಳೆದ ದಪ್ಪ ಮರಳು, ಅದರ ಮೇಲೆ ಎರಡಡಿ ಬೆಂಟೊನೈಟ್ (ನೀರು ತಾಗಿದರೆ ಉಬ್ಬಿ ಸಂದು ಮುಚ್ಚುವ ಜೇಡಿಮಣ್ಣು), ಆಮೇಲೆ ನೆಲದವರೆಗೆ ಸಿಮೆಂಟ್ ಗಾರೆ. ಬೆಂಟೊನೈಟ್ ಅರ್ಥಿಂಗ್ ಸಾಮಾನಿನ ಅಂಗಡಿಯಲ್ಲೇ ಚೀಲದಲ್ಲಿ ಸಿಗುತ್ತದೆ. ಉಪ್ಪು, ಇದ್ದಿಲು ಬೆರೆಸಿದ ಕಾಂಪೌಂಡ್ ಮಾತ್ರ ತರಬೇಡಿ.

ತೇಲುವ ಪದರ ಅಳೆಯುವ ಇಂಟರ್‌ಫೇಸ್ ಮೀಟರ್ ಬೆಲೆ ಲಕ್ಷ ದಾಟುತ್ತದೆ. ಬಂಕಿನವರು ಟ್ಯಾಂಕಿನ ತಳದ ನೀರು ಮತ್ತು ಇಂಧನದ ಮಟ್ಟ ನೋಡಲು ಬಳಸುವ, ನೀರು ಅಥವಾ ಪೆಟ್ರೋಲ್ ತಾಗಿದಲ್ಲಿ ಬಣ್ಣ ಬದಲಿಸುವ ವಾಟರ್ ಪೇಸ್ಟ್ ಮತ್ತು ಪೆಟ್ರೋಲ್ ಪೇಸ್ಟ್ ಕೆಲವು ನೂರು ರೂಪಾಯಿ. ಹಿತ್ತಾಳೆ ತುದಿಯ ಡಿಪ್ ಟೇಪಿನ ಒಂದು ಮೈಗೆ ಇದು, ಇನ್ನೊಂದು ಮೈಗೆ ಅದು ಸವರಿ, ಇಳಿಸಿ ಅರ್ಧ ನಿಮಿಷ ಹಿಡಿದರೆ ಎರಡು ಬಣ್ಣದ ಗೆರೆಗಳ ನಡುವಿನ ಅಂತರವೇ ಪದರದ ದಪ್ಪ. ಪೇಸ್ಟು ಪೈಪಿನ ಗೋಡೆಗೆ ಒರೆಸಿಕೊಳ್ಳದ ಹಾಗೆ ಇಳಿಸುವ ಉಪಾಯ ಒಂದಿದೆ. ಅದು ನಮ್ಮ ಅನ್ನ, ಇಲ್ಲಿ ಬರೆಯುವುದಿಲ್ಲ. ಪದರ ನೀರನ್ನು ಕೆಳಗೆ ಒತ್ತಿರುತ್ತದೆ, ಹಾಗಾಗಿ ನೀರಿನ ಮಟ್ಟ ಬರೆಯುವಾಗ ಪದರದ ಭಾರ ಕಳೆಯಿರಿ: ಪೆಟ್ರೋಲ್ 8.20 ಮೀಟರಿಗೆ, ನೀರು 8.50ಕ್ಕೆ ಸಿಕ್ಕರೆ ಪದರದ ದಪ್ಪ 0.30ನ್ನು ಪೆಟ್ರೋಲಿನ ಸಾಂದ್ರತೆ 0.74ರಿಂದ ಗುಣಿಸಿ 8.50ರಿಂದ ಕಳೆದಾಗ ನಿಜವಾದ ಮಟ್ಟ ಸುಮಾರು 8.28. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ತಿಳಿಯಲು ಬಾವಿಗಳ ಬಾಯಿಯ ಎತ್ತರ ಹೋಲಿಸಬೇಕು, ಅದಕ್ಕೆ ಗಾರೆ ಮೇಸ್ತ್ರಿಯ ನೀರಿನ ಟ್ಯೂಬ್ ಸಾಕಾಯಿತು. ಸರ್ವೆಯವರ ಬಿಲ್ಲು ಉಳಿಯಿತು.

ಪದರ ಇರುವ ಬಾವಿಯಿಂದ ಲ್ಯಾಬಿಗೆ ನೀರು ಕಳಿಸುವುದು ದುಡ್ಡು ದಂಡ. ಉಳಿದವುಗಳಿಂದ ನಿಮಿಷಕ್ಕೆ ಕಾಲು ಲೀಟರ್ ಮೀರದಂತೆ ನೀರು ತೆಗೆದು, ಪಿಎಚ್ ಮತ್ತು ಇಸಿ (ವಿದ್ಯುತ್ ವಾಹಕತೆ) ಬದಲಾಗದೆ ನಿಂತ ಮೇಲೆ 40 ಮಿಲಿ ಸೀಸೆ ತುಂಬಿ. ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಕಾಣಬಾರದು. ನಮ್ಮ ಕಡೆ ತೊಂದರೆ ಇರುವುದು ಇಲ್ಲೇ. ಮಾದರಿ ಕೆಡದಿರಲಿ ಎಂದು ಸೀಸೆಯಲ್ಲಿ ಮೊದಲೇ ಹಾಕಿರುವ ಹೈಡ್ರೋಕ್ಲೋರಿಕ್ ಆಮ್ಲ ಕೋಲಾರದ ಗಡಸು ನೀರಿಗೆ ತಾಗಿದ ಕೂಡಲೇ ನೊರೆಯುತ್ತದೆ, ಗುಳ್ಳೆಯ ಜೊತೆ ಬೆಂಜೀನ್ ಹೊರಡುತ್ತದೆ. ಹೀಗೆ ಕೆಟ್ಟ ಒಂದು ಕಂತಿನ ಸೀಸೆಗಳಿಗೆ ಹತ್ತಿಪ್ಪತ್ತು ಸಾವಿರ ಹೋಯಿತು. ಈಗ ಆಮ್ಲವಿಲ್ಲದೆ ತುಂಬಿ, ಐಸಿನಲ್ಲಿಟ್ಟು ಬೆಂಗಳೂರಿಗೆ ಕಳಿಸಿ ಏಳು ದಿನದೊಳಗೆ ಪರೀಕ್ಷೆ ಮುಗಿಸುತ್ತೇವೆ. ಹೊಗೆ ಸೀಸೆಗೆ ಸೇರದಂತೆ ಜನರೇಟರ್ ಗಾಳಿಯ ಕೆಳದಿಕ್ಕಿನಲ್ಲಿ, ದೂರದಲ್ಲಿರಲಿ.

ಜೊತೆಗೆ ನೈಟ್ರೇಟ್ ಪಟ್ಟಿಯಿಂದಲೂ (ನೈಟ್ರೇಟ್ ಇದ್ದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ) ನೋಡಿದೆ. ನಮ್ಮ ಜಿಲ್ಲೆಯ ಬಾವಿಗಳಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟುವುದು ಹೊಸದೇನಲ್ಲ. ಇಂಧನ ಹರಡಿರುವ ಕಡೆ ಸೂಕ್ಷ್ಮಜೀವಿಗಳು ಆಮ್ಲಜನಕ ಮುಗಿಸಿ ನೈಟ್ರೇಟಿಗೆ ಕೈಹಾಕುತ್ತವೆ, ಆಮೇಲೆ ನೀರಿನಲ್ಲಿ ಕರಗಿದ ಕಬ್ಬಿಣ ಏರುತ್ತದೆ. ಸುತ್ತ 60–70 ಇದ್ದಾಗ ಟ್ಯಾಂಕ್ ಗುಂಡಿಯ ಇಳಿಜಾರಿನ ಎರಡು ಬಾವಿಗಳಲ್ಲಿ ಪಟ್ಟಿ ಬಣ್ಣವನ್ನೇ ತೋರಿಸಲಿಲ್ಲ. ಅದೇ ಬಾವಿಗಳಲ್ಲಿ ಬೆಂಜೀನ್ ಲೀಟರಿಗೆ ನೂರಾರು ಮೈಕ್ರೋಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 10. ಪಟ್ಟಿ ಲ್ಯಾಬಿಗೆ ಬದಲಿ ಅಲ್ಲ, ಮುಂದಿನ ಬೋರು ಎಲ್ಲಿ ಎಂದು ಹೇಳಲು ಮಾತ್ರ.

ಡಿಸೆಂಬರಿನಲ್ಲಿ ಪದರ ಕೂದಲೆಳೆಯಷ್ಟು, "ಹೋಯಿತಲ್ಲ" ಎಂದರು. ಮೇ ತಿಂಗಳಲ್ಲಿ ನೀರು ಇಳಿದಾಗ ಅದೇ ಬಾವಿಯಲ್ಲಿ ಗೇಣುದ್ದ ಪೆಟ್ರೋಲ್ ನಿಂತಿತ್ತು. ನೀರು ಏರಿದಾಗ ಇಂಧನ ಮಣ್ಣಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಳಿದಾಗ ಬಿಡಿಸಿಕೊಂಡು ಬಾವಿಗೆ ಬರುತ್ತದೆ. ಹಾಗಾಗಿ ವರ್ಷಕ್ಕೆ ಒಂದೇ ಸಲ ಅಳೆಯುವಷ್ಟೇ ದುಡ್ಡಿದ್ದರೆ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ ಅಳೆಯಿರಿ.